ಸೈಟು ಕೊಳ್ಳುವ ಮುನ್ನ ಕೆರೆಯ ಗಡಿ ನೋಡಿ

ಬೆಂಗಳೂರಿನಲ್ಲಿ ಕೆರೆಯ ಪಕ್ಕ ಸೈಟು ನೋಡಲು ಹೋದವರು ನೀರು ಎಲ್ಲಿದೆ ಎಂದಷ್ಟೇ ನೋಡಿದರೆ ಸಾಲದು. ಕೆರೆಯ ಗಡಿ ಎಂದರೆ ಕಂದಾಯ ದಾಖಲೆಯಲ್ಲಿರುವ ಗಡಿ. ಬೇಸಿಗೆಯಲ್ಲಿ ಒಣಗಿ ಬಯಲಾಗುವ ಅಂಗಳವೂ ಕೆರೆಯೇ.

2007ರಲ್ಲಿ ಜಾರಿಗೆ ಬಂದ ‘ಪರಿಷ್ಕೃತ ಮಹಾಯೋಜನೆ–2015’ ಈ ಗಡಿಯ ಸುತ್ತ 30 ಮೀಟರ್ ಜಾಗವನ್ನು ಬಫರ್ ವಲಯವೆಂದು ಗುರುತಿಸಿತು. ಮಳೆನೀರು ಹರಿಯುವ ರಾಜಕಾಲುವೆಗಳ ವಿಷಯದಲ್ಲಿ ಅದರ ಅಳತೆ ಬೇರೆ: ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್. ಇದನ್ನು ಅಳೆಯುವುದು ಕಾಲುವೆಯ ನಡುವಿನಿಂದ. ಯೋಜನೆಯ ಪ್ರಕಾರ ಈ ಬಫರ್ ಜಾಗಗಳಲ್ಲಿ ಮನೆ, ಮಳಿಗೆ ಕಟ್ಟುವಂತಿಲ್ಲ. ಬಡಾವಣೆ ಮಾಡುವವರು ಕೆರೆಯ ಬಫರ್ ಜಾಗವನ್ನು ಉದ್ಯಾನಕ್ಕೆ ಬಿಡಬೇಕಾದ ಪಾಲಿನಲ್ಲಿ ತೋರಿಸಲು ಅವಕಾಶವಿದೆ.

2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಬಫರನ್ನು 75 ಮೀಟರಿಗೆ ಏರಿಸಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನು ರದ್ದು ಮಾಡಿ, ಮಹಾಯೋಜನೆಯ ಅಳತೆಯನ್ನೇ ಉಳಿಸಿತು. ನಿಯಮಗಳು ಮತ್ತೆ ಬದಲಾಗಬಹುದಾದ್ದರಿಂದ, ನಕ್ಷೆಗೆ ಮಂಜೂರಾತಿ ಕೊಡುವ ಪ್ರಾಧಿಕಾರದಲ್ಲಿ ಸದ್ಯದ ಅಳತೆ ವಿಚಾರಿಸಿ.

ಇಷ್ಟು ಜಾಗ ಖಾಲಿ ಬಿಡುವುದೇಕೆ? ದಂಡೆಯ ಹುಲ್ಲು, ಪೊದೆ, ಮರಗಳು ಹರಿದು ಬರುವ ನೀರಿನ ವೇಗ ತಗ್ಗಿಸುತ್ತವೆ. ಹೂಳು ಅಲ್ಲೇ ನಿಲ್ಲುತ್ತದೆ. ಬೇರುಗಳು ದಂಡೆಯ ಮಣ್ಣನ್ನು ಹಿಡಿದಿಡುತ್ತವೆ, ನೀರಿನಲ್ಲಿರುವ ಸಾರಜನಕ, ರಂಜಕಗಳ ಒಂದಿಷ್ಟು ಪಾಲನ್ನು ಹೀರುತ್ತವೆ. ಜೋರು ಮಳೆಯಲ್ಲಿ ಉಕ್ಕಿದ ನೀರು ಹರಡಿಕೊಳ್ಳಲು ಎಡೆ ಸಿಗುತ್ತದೆ. ಆ ಎಡೆ ಮುಚ್ಚಿದಲ್ಲಿ ಏನಾಗುತ್ತದೆ ಎಂಬುದನ್ನು 2022ರ ಸೆಪ್ಟೆಂಬರ್‌ನ ನೆರೆಯಲ್ಲಿ ಬೆಳ್ಳಂದೂರು, ಮಹದೇವಪುರದ ಕಡೆಯ ಬಡಾವಣೆಗಳು ಕಂಡವು.

ಪರಿಶೀಲನೆ ಹೀಗೆ ಮಾಡಿ. ಜಾಗದಲ್ಲೇ ನಿಂತು ‘ದಿಶಾಂಕ್’ ಆ್ಯಪ್‌ನಲ್ಲಿ ಸರ್ವೆ ನಂಬರ್ ತಿಳಿದುಕೊಳ್ಳಿ. ಸರ್ವೆ ಇಲಾಖೆಯಿಂದ ಹಳೆಯ ಗ್ರಾಮ ನಕ್ಷೆ ಪಡೆದು ಕೆರೆ, ಹಳ್ಳ, ಕಾಲುವೆ ಎಲ್ಲಿವೆ ನೋಡಿ. ಈಗ ನೆಲದ ಮೇಲೆ ಕಾಣದ ಕಾಲುವೆಯೂ ನಕ್ಷೆಯಲ್ಲಿರಬಹುದು. ಪಹಣಿಯಲ್ಲಿ ‘ಬಿ’ ಖರಾಬು ಎಂದಿದ್ದರೆ ಅಷ್ಟು ಜಾಗ ಸಾರ್ವಜನಿಕರದು. ಅದನ್ನು ಖಾಸಗಿಯಾಗಿ ಮಾರುವಂತಿಲ್ಲ. ಕೊನೆಗೆ, ಪರವಾನಗಿ ಪಡೆದ ಸರ್ವೇಯರ್‌ರಿಂದ ಅಳತೆ ಮಾಡಿಸಿ. ಖಾತೆ ಇದೆ, ಬ್ಯಾಂಕ್ ಸಾಲ ಸಿಗುತ್ತದೆ ಎಂಬ ಮಾತಷ್ಟನ್ನೇ ನಂಬಬೇಡಿ.

ನಿಮ್ಮೂರ ಕೆರೆಯ ಗಡಿಕಲ್ಲುಗಳು ಕಾಣೆಯಾಗಿದ್ದರೆ, ಸರ್ವೆ ಮಾಡಿಸಿ ಕಲ್ಲು ನೆಡಿಸುವಂತೆ ತಹಶೀಲ್ದಾರರಿಗೆ ಅರ್ಜಿ ಕೊಡಿ. ಗಡಿಯೇ ಗೊತ್ತಿಲ್ಲದ ಕೆರೆಯನ್ನು ಯಾವ ಕಾನೂನೂ ಕಾಯಲಾರದು.