ರಾತ್ರಿ ಒಂಬತ್ತೂವರೆಯ ಗಂಜಿ

ಈ ಪುಟದಲ್ಲಿ ಬರುವ ಸಂಘ-ಸಂಸ್ಥೆಗಳ ವರದಿಗಳ ಕೊನೆಯ ಸಾಲನ್ನು ಗಮನಿಸಿದ್ದೀರಾ? ವಾರ್ಷಿಕೋತ್ಸವವಿರಲಿ, ಅರಸಿನ ಕುಂಕುಮವಿರಲಿ, ಯಕ್ಷಗಾನವಿರಲಿ, 'ಕೊನೆಗೆ ಪ್ರೀತಿಭೋಜನ ಏರ್ಪಡಿಸಲಾಗಿತ್ತು' ಎಂದೇ ಮುಗಿಯುತ್ತದೆ. ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದು ಅಂಥ ವರದಿಗಳನ್ನು ನಾನೂ ಬರೆದಿದ್ದೇನೆ. ಮುನ್ನೂರು ಮಂದಿಗೆ ನಿಂತು ಬಡಿಸಿದ್ದೇನೆ. ಆದರೆ ಡೊಂಬಿವಲಿಯ ನನ್ನ ಮನೆಯಲ್ಲಿ ನಾಲ್ಕೇ ಜನ ಒಟ್ಟಿಗೆ ಕುಳಿತು ಉಂಡು ಎಷ್ಟು ದಿನವಾಯಿತೆಂದು ಲೆಕ್ಕ ಹಾಕಿರಲಿಲ್ಲ. ಬ್ಯಾಂಕಿನಲ್ಲಿ ಲೆಕ್ಕ ಬರೆಯುವುದೇ ನನ್ನ ಉದ್ಯೋಗ ಎನ್ನುವುದು ಬೇರೆ ಮಾತು.

ಥಾಣೆಯಿಂದಾಚೆ ನೆಲೆಸಿರುವ ನಮ್ಮ ಪಾಡು ಓದುಗರಿಗೆ ಹೇಳಬೇಕಾಗಿಲ್ಲ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಸುಮಾರು 48 ಕಿ.ಮೀ., ಕಲ್ಯಾಣ್‌ನಿಂದ 54. ಫಾಸ್ಟ್ ಗಾಡಿ ಸಿಕ್ಕಿದರೂ ಒಂದು ಗಂಟೆಗೆ ಕಡಿಮೆಯಿಲ್ಲ. ನಾನು ಕೋಟೆ ಪ್ರದೇಶದ ಶಾಖೆಗೆ, ಹೆಂಡತಿ ಕಲ್ಯಾಣ್‌ನ ಶಾಲೆಗೆ, ಮಗಳು ಥಾಣೆಯಲ್ಲಿ ಗಾಡಿ ಬದಲಿಸಿ ನವಿಮುಂಬಯಿಯ ಐರೋಲಿಯ ಕಚೇರಿಗೆ. ಮನೆಯಲ್ಲಿ ಉಳಿಯುವವರು ಅಮ್ಮ ಒಬ್ಬರೇ. ರಾತ್ರಿ ಬಂದವರು ಬಂದ ಹಾಗೆ ಬಡಿಸಿಕೊಂಡು, ಟಿವಿ ನೋಡುತ್ತಾ ಉಂಡು ಮಲಗುವುದು. ಅಮ್ಮನನ್ನು ಕೇಳಿದರೆ 'ನಂದ್ ಆಯ್ತ್ ಮಗಾ' ಎನ್ನುತ್ತಿದ್ದರು. ಕುಂದಾಪುರ ಬಿಟ್ಟು ಬಂದು ಎಷ್ಟು ವರ್ಷವಾದರೂ ಅವರ ಮಾತು ಊರಿನದೇ.

2018ರ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅಮ್ಮ ಅಡುಗೆಮನೆಯಲ್ಲಿ ಕುಸಿದು ಬಿದ್ದರು. ಪಕ್ಕದ ಮನೆಯ ಮರಾಠಿ ಮಾವಶಿ ನೋಡಿ ಫೋನ್ ಮಾಡಿದ್ದರಿಂದ ಬಚಾವಾದೆವು. ಸಕ್ಕರೆ ಕಾಯಿಲೆಯವರು, ಮಾತ್ರೆ ನುಂಗಿದ್ದಾರೆ, ಊಟ ಮಾಡಿಲ್ಲ. ಸಕ್ಕರೆ ಇಳಿದಿತ್ತು. ಡಾಕ್ಟರರು ನನ್ನನ್ನು ಕರೆದು, "ಇವರ ಜೊತೆ ಊಟಕ್ಕೆ ಯಾರು ಕೂರುತ್ತಾರೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ವಿಚಾರಿಸಿದಾಗ ತಿಳಿಯಿತು, ಎಷ್ಟೋ ದಿನ ಅಮ್ಮನ 'ಆಯ್ತ್' ಎಂದರೆ ಚಹಾದಲ್ಲಿ ಅದ್ದಿದ ಎರಡು ಬಿಸ್ಕತ್ತು! "ಒಬ್ಬಳಿಗೆ ಎಂತ ಬಡಿಸಿಕೊಳ್ಳುವುದು" ಎಂದರು, ಅಷ್ಟೇ.

ಅಂದು ರಾತ್ರಿ ನಿಶ್ಚಯವಾದದ್ದು ಎರಡು. ಮಧ್ಯಾಹ್ನ ಒಂದು ಗಂಟೆಗೆ ಮೂವರಲ್ಲಿ ಒಬ್ಬರು ಫೋನ್ ಹಚ್ಚಿ, ಅಮ್ಮ ತಟ್ಟೆಗೆ ಕೈ ಹಾಕುವವರೆಗೆ ಮಾತನಾಡುವುದು. ಅಮ್ಮ ಎಂಟಕ್ಕೆ ಸ್ವಲ್ಪ ತಿಂದು ಮಾತ್ರೆ ತೆಗೆದುಕೊಂಡರೂ, ಒಂಬತ್ತೂವರೆಗೆ ಎಲ್ಲರೂ ನೆಲದ ಮೇಲೆ ಚಾಪೆ ಹಾಸಿ ಕೂರುವುದು.

ಆದರೆ ಅಡುಗೆ? ಹೆಂಡತಿ ನೇರವಾಗಿ ಹೇಳಿದಳು, "ಒಟ್ಟಿಗೆ ಕೂರಬೇಕೆಂದು ಹೇಳುವುದು ನೀವು, ಒಲೆ ಮುಂದೆ ನಿಲ್ಲುವುದು ನಾನಾ?" ನ್ಯಾಯವಾದ ಮಾತು. ಲೇಡೀಸ್ ಡಬ್ಬದಲ್ಲಿ ನಮ್ಮ ಹೆಂಗಸರು ಬೀನ್ಸ್ ಮುರಿಯುತ್ತಾ, ಬೆಳ್ಳುಳ್ಳಿ ಸುಲಿಯುತ್ತಾ ಬರುವುದನ್ನು ನೋಡಿ ನಾವು ಗಂಡಸರು ಮೆಚ್ಚುತ್ತೇವೆ. ಪಕ್ಕದ ಡಬ್ಬದಲ್ಲಿ ನಾವು ಇಸ್ಪೀಟು ಆಡುತ್ತಿರುತ್ತೇವೆ! ಹೀಗೆ ಐವತ್ತು ದಾಟಿದ ಮೇಲೆ ನಾನು ಅಡುಗೆ ಕಲಿತೆ. ಅಮ್ಮ ಕುರ್ಚಿಯಲ್ಲಿ ಕುಳಿತು ಹೇಳುವುದು, ನಾನು ಮಾಡುವುದು.

ದೊಡ್ಡ ಅಡುಗೆಯೇನಲ್ಲ. ಕುಚ್ಚಲಕ್ಕಿ ಬೇಯಲು ಹೊತ್ತು ಹಿಡಿಯುತ್ತದೆಂದು ನಮ್ಮಲ್ಲಿ ಅನೇಕರು ಬಿಟ್ಟೇಬಿಟ್ಟಿದ್ದಾರೆ. ಉಪಾಯ ಸುಲಭ. ತೊಳೆದು ನೆನೆಸಿಟ್ಟ ಅಕ್ಕಿಯನ್ನು ಧಾರಾಳ ನೀರಿನಲ್ಲಿ ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ಬಿಗಿದು, ಹಳೆಯ ಕಂಬಳಿಯಲ್ಲಿ ಸುತ್ತಿಡಬೇಕು. ಗ್ಯಾಸ್ ಖರ್ಚಿಲ್ಲದೆ ಒಂದು ಗಂಟೆಯಲ್ಲಿ ತಾನಾಗಿ ಅರಳುತ್ತದೆ. ಭತ್ತವನ್ನು ಬೇಯಿಸಿ ಒಣಗಿಸಿ ಮಾಡುವ ಅಕ್ಕಿಯಾದ್ದರಿಂದ ತೌಡಿನ 'ಬಿ' ಜೀವಸತ್ವ ಕಾಳಿನೊಳಗೆ ಇಳಿದಿರುತ್ತದೆ. ಗಂಜಿಗೆ ತೆಂಗಿನಕಾಯಿ ಚಟ್ನಿ, ಇಲ್ಲವೇ ಹೆಸರುಬೇಳೆ ತೋವೆ. ಹೆಸರುಬೇಳೆಗೆ ನೆನೆಸುವ ರಗಳೆಯಿಲ್ಲ, ಎರಡು ಸೀಟಿ ಸಾಕು. ಮಾವಶಿಯವರಿಂದ ಕಲಿತ ಪಿಠ್ಲೆ ವಾರಕ್ಕೊಮ್ಮೆ. ಸ್ಟೇಷನ್ ಹೊರಗೆ ಬಸಳೆ ಕಂಡ ದಿನ ಹಬ್ಬ. ನನ್ನ ಮೊದಲ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು, ಯಾರೂ ಮಾತನಾಡಲಿಲ್ಲ.

2020ರ ಮಾರ್ಚ್ ಕೊನೆಯಲ್ಲಿ ಲೋಕಲ್ ನಿಂತಾಗ ಊರಿಡೀ ಮನೆಯಲ್ಲಿ ಒಟ್ಟಿಗೆ ಉಂಡಿತು. ಗಾಡಿಗಳು ಮತ್ತೆ ಓಡಿದ ಮೇಲೆ ಎಷ್ಟೋ ಮನೆಗಳಲ್ಲಿ ಅದೂ ಮರೆತುಹೋಯಿತು. ನಮ್ಮಲ್ಲಿಯೂ ಪ್ರತಿದಿನ ನಡೆಯುತ್ತದೆಂದು ಹೇಳಿದರೆ ಸುಳ್ಳಾದೀತು. ಮಾರ್ಚ್ ತಿಂಗಳ ವರ್ಷಾಂತ್ಯದ ಲೆಕ್ಕಪತ್ರದ ದಿನಗಳಲ್ಲಿ ನಾನೇ ತಪ್ಪಿತಸ್ಥ. ವಾರದಲ್ಲಿ ನಾಲ್ಕು ದಿನ ಸಿಕ್ಕಿದರೆ ಲಾಭವೆಂದೇ ಬರೆದುಕೊಳ್ಳುತ್ತೇನೆ.

ಕಳೆದ ಮಂಗಳವಾರ ಮಗಳು ಐರೋಲಿಯಿಂದ ಫೋನ್ ಮಾಡಿ, "ಅಪ್ಪಾ, ಗಾಡಿ ತಡ. ನೀವು ಉಂಡುಬಿಡಿ" ಎಂದಳು. ಅಮ್ಮ ಎಂಟಕ್ಕೇ ತಿಂದು ಮಾತ್ರೆ ನುಂಗಿದ್ದರು. ಕಂಬಳಿ ಸುತ್ತಿದ ಪಾತ್ರೆಯನ್ನು ಮುಟ್ಟಿ ನೋಡಿ, "ಬಿಸಿ ಇದೆ, ಬರಲಿ" ಎಂದರು. ಹತ್ತೂಕಾಲಿಗೆ ಚಾಪೆ ಹಾಸಿದೆವು.