ಚೆಂಡು ದಾಟಿಸಿದವನ ಲೆಕ್ಕ

ನಮ್ಮ ಭದ್ರಾವತಿಯಲ್ಲಿ ೧೯೪೯ರಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರ ಆಟದ ಲೆಕ್ಕವನ್ನು ಇಲ್ಲಿಯ ಹೈಸ್ಕೂಲು ಹುಡುಗರು ಮಗ್ಗಿಯಂತೆ ಒಪ್ಪಿಸುತ್ತಾರೆ: ೯೧ ಟೆಸ್ಟ್ ಪಂದ್ಯ, ೬೦೮೦ ರನ್ನು, ೧೪ ಶತಕ. ಆದರೆ ೧೯೭೫ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸಿನ ಆ್ಯಂಡಿ ರಾಬರ್ಟ್ಸನ ವೇಗದ ಚೆಂಡುಗಳ ಮುಂದೆ ನಿಂತು, ಔಟಾಗದೆ ಅವರು ಹೊಡೆದ ೯೭ ರನ್ನು ಆ ಹದಿನಾಲ್ಕರಲ್ಲಿ ಸೇರಿಲ್ಲ. ಬಲ್ಲವರು ಆ ಆಟವನ್ನು ಎಷ್ಟೋ ಶತಕಗಳಿಗಿಂತ ಮೇಲೆಂದು ಎಣಿಸುತ್ತಾರೆ. ಚೆಂಡಿಗೊಂದು ಗೀಟು ಎಳೆಯುವ ಕ್ರಿಕೆಟ್ಟಿನಲ್ಲೇ ಅಂಕೆಯ ಪಾಡು ಹೀಗಿದ್ದರೆ, ಹಿಂದೆ ಗೋಲನ್ನು ಬಿಟ್ಟು ಹೆಚ್ಚೇನನ್ನೂ ಬರೆದಿಡದಿದ್ದ ಕಾಲ್ಚೆಂಡಾಟದ ಗತಿಯೇನು? ಗೋಲು ಹೊಡೆದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಆ ಚೆಂಡನ್ನು ಅವನ ಕಾಲಿಗೆ ತಂದುಕೊಟ್ಟವನು ಎಲ್ಲಿ?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವ ಹೆಸರು ಬೆಂಗಳೂರಿನ ಅಹಮದ್ ಖಾನ್. ಹುಟ್ಟಿದ್ದು ೧೯೨೬, ತೀರಿಕೊಂಡದ್ದು ೨೦೧೭. ಮೈಸೂರು ಸಂಸ್ಥಾನದ ತಂಡ ೧೯೪೬-೪೭ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದ ಕಾಲದಲ್ಲಿ ಬೆಂಗಳೂರಿನಲ್ಲಿ ಕಾಲ್ಚೆಂಡಿನ ಹುಚ್ಚು ಎಷ್ಟಿತ್ತೆಂಬುದನ್ನು ಇಂದಿನವರಿಗೆ ವಿವರಿಸುವುದು ಕಷ್ಟ. ಅಹಮದ್ ಖಾನ್ ೧೯೪೮ರ ಲಂಡನ್ ಮತ್ತು ೧೯೫೨ರ ಹೆಲ್ಸಿಂಕಿ, ಈ ಎರಡು ಒಲಿಂಪಿಕ್ ಕೂಟಗಳಲ್ಲಿಯೂ ಭಾರತಕ್ಕಾಗಿ ಆಡಿದರು. ೧೯೫೧ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನನ್ನು ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿಯೂ ಅವರಿದ್ದರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ ಎಂಬ ಐವರು ಮುಂದಾಳುಗಳನ್ನು ಅಲ್ಲಿಯ ಜನ ‘ಪಂಚಪಾಂಡವರು’ ಎಂದೇ ಕರೆದರು. ಅಪ್ಪಾರಾವ್ ಆಂಧ್ರದವರು, ಸಾಲೆ ಕೇರಳದವರು. ಬಂಗಾಳದ ಪಾಂಡವರೆಲ್ಲ ದಕ್ಷಿಣದಿಂದ ಹೋದವರೆಂಬುದು ಒಂದು ತಮಾಷೆ. ಈ ಐವರ ಕಾಲದಲ್ಲಿ, ೧೯೪೯, ೫೦, ೫೧ ಹೀಗೆ ಮೂರು ವರ್ಷ ಬಿಡದೆ, ಐ. ಎಫ್. ಎ. ಷೀಲ್ಡ್ ಆ ಕ್ಲಬ್ಬಿಗೇ ಬಂದಿತು.

ಅಹಮದ್ ಖಾನರ ಜಾಗ ‘ಇನ್‌ಸೈಡ್ ಲೆಫ್ಟ್’. ಆ ಕಾಲದ ಏರ್ಪಾಡಿನಲ್ಲಿ ಗೋಲಿಯನ್ನು ಬಿಟ್ಟರೆ ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು. ಮುಂದಿನ ಐವರಲ್ಲಿ ಅಂಚಿನವರಿಬ್ಬರೂ ಗೆರೆಯ ಪಕ್ಕ ಓಡುವವರು, ನಡುವಿನವನು ಗೋಲಿಗೆ ಹೊಂಚುಹಾಕುವವನು. ಉಳಿದ ಇಬ್ಬರು ‘ಇನ್‌ಸೈಡ್’ ಆಟಗಾರರ ಕೆಲಸ ಮಗ್ಗದ ಲಾಳಿಯ ಕೆಲಸ. ಹಿಂದೆ ಸರಿದು ನಡುವಿನವರಿಂದ ಚೆಂಡನ್ನು ಪಡೆಯಬೇಕು, ಮುಂದೆ ಬಂದು ಕೊಡಬೇಕು. ಬಟ್ಟೆ ಬೆಳೆಯುವುದು ಲಾಳಿಯಿಂದಲೇ ಆದರೂ ಬಟ್ಟೆಯಲ್ಲಿ ಲಾಳಿ ಕಾಣುವುದಿಲ್ಲವಷ್ಟೆ.

ಕೊಡುವುದನ್ನು ಅಳೆಯುವುದು ಹೇಗೆ? ದಾನದ ವಿಷಯದಲ್ಲಿ ನಮ್ಮ ಹಿರಿಯರು ದೇಶ, ಕಾಲ, ಪಾತ್ರ ಎಂಬ ಮೂರನ್ನು ನೋಡೆಂದರು. ಚೆಂಡಿನ ದಾನಕ್ಕೂ ನನಗೆ ಇದಕ್ಕಿಂತ ಒಳ್ಳೆಯ ಸೂತ್ರ ಕಂಡಿಲ್ಲ. ದೇಶವೆಂದರೆ ಜೊತೆಗಾರ ಈಗ ನಿಂತಿರುವ ಜಾಗವಲ್ಲ, ಇನ್ನು ನಾಲ್ಕು ಹೆಜ್ಜೆಗೆ ಅವನು ಮುಟ್ಟಲಿರುವ ಬಯಲು. ಪಾತ್ರವೆಂದರೆ ಆ ಜೊತೆಗಾರನೇ. ಎಡಗಾಲಿನ ಹುಡುಗನ ಬಲಗಾಲಿಗೆ ಚೆಂಡು ಕೊಟ್ಟರೆ ಕೊಟ್ಟೂ ಕೊಡದಂತೆ. ಇವೆರಡನ್ನೂ ಅಭ್ಯಾಸದಿಂದ ಕಲಿಸಬಹುದು. ಕಾಲವೇ ಎಲ್ಲಕ್ಕಿಂತ ಕಷ್ಟ. ಚೆಂಡನ್ನು ಒದ್ದ ಕ್ಷಣದಲ್ಲಿ, ಎದುರಾಳಿಯ ನೆಲದಲ್ಲಿ ಮುಂದೆ ನಿಂತವನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಇಬ್ಬರಾದರೂ ಇರಬೇಕು, ಇಲ್ಲವೆ ಅವರ ಸಮಕ್ಕೆ ಅವನಿರಬೇಕು. ತಪ್ಪಿದರೆ ‘ಆಫ್‌ಸೈಡ್’. ಈ ಲೆಕ್ಕ ೧೯೨೫ರವರೆಗೆ ಮೂವರದಾಗಿತ್ತು, ಆ ವರ್ಷ ಇಬ್ಬರಿಗೆ ಇಳಿಯಿತು. ಆದುದರಿಂದ ಒಳ್ಳೆಯ ದಾನಿ ಕಣ್ಣು ಮಿಟುಕಿಸುವಷ್ಟು ತಡ ಮಾಡಿದರೂ ಚೆಂಡು ವ್ಯರ್ಥ. ಜೊತೆಗಾರ ಓಟ ಹಿಡಿಯುವ ಮೊದಲೇ ಕೊಟ್ಟರೂ ವ್ಯರ್ಥ. ಅಹಮದ್ ಖಾನರನ್ನು ‘ಹಾವಾಡಿಗ’ ಎಂದು ಕರೆಯುತ್ತಿದ್ದುದು ಚೆಂಡನ್ನು ಕಾಲಿನಲ್ಲಿ ಆಡಿಸುವ ಚಮತ್ಕಾರಕ್ಕಾಗಿ. ಅದನ್ನು ಬರಿಯ ಆಡಂಬರವೆಂದು ತಿಳಿಯಬಾರದು. ಚೆಂಡನ್ನು ಆಡಿಸುತ್ತ ಇಬ್ಬರು ಎದುರಾಳಿಗಳನ್ನು ತನ್ನತ್ತ ಸೆಳೆದುಕೊಂಡವನು ಜೊತೆಗಾರನಿಗೆ ಬಯಲನ್ನೂ ಕಾಲವನ್ನೂ ಒಟ್ಟಿಗೆ ಸಂಪಾದಿಸಿಕೊಡುತ್ತಾನೆ.

ಅಮೆರಿಕದಲ್ಲಿ ಬೇರೊಂದು ಬಗೆಯ ಫುಟ್‌ಬಾಲ್ ಉಂಟು. ಅಲ್ಲಿ ಚೆಂಡನ್ನು ಕೈಯಿಂದ ಎಸೆದು ದಾಟಿಸುವ ನಾಯಕನಿಗೆ ‘ಕ್ವಾರ್ಟರ್‌ಬ್ಯಾಕ್’ ಎಂದು ಹೆಸರು. ಅವನ ಒಂದೊಂದು ಎಸೆತಕ್ಕೂ ಲೆಕ್ಕವಿಡುತ್ತಾರೆ. ಕಾಲೇಜು ತಂಡಗಳಿಗೆ ೧೯೭೯ರಿಂದ ಒಂದು ಸೂತ್ರವೇ ಇದೆ. ಜೊತೆಗಾರ ಹಿಡಿದ ಪ್ರತಿ ಎಸೆತಕ್ಕೆ ೧೦೦, ಎಸೆತದಿಂದ ಗಳಿಸಿದ ಪ್ರತಿ ಗಜಕ್ಕೆ ೮.೪, ಎಸೆತದಿಂದಲೇ ಗೆರೆ ಮುಟ್ಟಿದರೆ ೩೩೦. ಎದುರಾಳಿ ನಡುವೆ ಹಿಡಿದುಕೊಂಡರೆ ೨೦೦ ಕಳೆಯಬೇಕು. ಬಂದದ್ದನ್ನು ಒಟ್ಟು ಎಸೆತಗಳಿಂದ ಭಾಗಿಸಬೇಕು. ೨೦ ಎಸೆದು, ೧೨ ತಲುಪಿ, ೧೫೦ ಗಜ ಬಂದು, ಒಮ್ಮೆ ಗೆರೆ ಮುಟ್ಟಿ, ಒಮ್ಮೆ ಎದುರಾಳಿಗೆ ಸಿಕ್ಕಿದರೆ ೧೨೯.೫. ಮನೆಯ ಮಕ್ಕಳಿಂದ ಮಾಡಿಸಿ ನೋಡಿ, ದಶಮಾಂಶದ ಅಭ್ಯಾಸವಾದೀತು. ಈ ಸೂತ್ರದ ಕೊರತೆಯೂ ಸ್ಪಷ್ಟವಾಗಿದೆ. ಚೆನ್ನಾಗಿ ಎಸೆದದ್ದನ್ನು ಜೊತೆಗಾರ ಕೈಜಾರಿಸಿದರೆ ನಷ್ಟ ಎಸೆದವನಿಗೆ. ಮೂರು ಗಜದ ಎಸೆತವನ್ನು ಹಿಡಿದು ಅವನು ನಲವತ್ತು ಗಜ ಓಡಿದರೆ ಪುಣ್ಯವೂ ಎಸೆದವನಿಗೇ. ಆದರೂ ಲೆಕ್ಕವೇ ಇಲ್ಲದ್ದಕ್ಕಿಂತ ಇದು ಎಷ್ಟೋ ಮೇಲು.

ಇನ್ನು ಅಹಮದ್ ಖಾನರ ಮತ್ತು ಅವರ ತಂಡದ ಆಟದ ತೂಕ. ೧೯೪೮ರಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿ ಫ್ರಾನ್ಸಿಗೆ ೨-೧ರಿಂದ ಸೋತರು. ನಮ್ಮ ಗೋಲು ಸಾರಂಗಪಾಣಿ ರಾಮನ್ನರದು. ಎರಡು ಪೆನಾಲ್ಟಿಗಳು ಕೈತಪ್ಪಿದ್ದವು. ಎಂದಮೇಲೆ ಆ ದಿನ ದಾಟಿಸುವ ಆಟ ಸೋಲಲಿಲ್ಲ, ಮುಗಿಸುವ ಆಟ ಸೋತಿತು. ಬರಿಗಾಲು ನೆಲದ ಮೇಲಿನ ಗಿಡ್ಡ ಪಾಸಿಗೆ ಹೇಳಿಮಾಡಿಸಿದ್ದು. ಬೆರಳಿಗೆ ಚೆಂಡಿನ ಮೈ ತಿಳಿಯುತ್ತದೆ. ಆದರೆ ಮಳೆಯಲ್ಲಿ ನೀರು ಕುಡಿದು ಭಾರವಾದ ತೊಗಲಿನ ಚೆಂಡನ್ನು ಬರಿಗಾಲಿನಿಂದ ದೂರಕ್ಕೆ ದಾಟಿಸುವುದು ಎಷ್ಟು ಪ್ರಯಾಸವೆಂದು ನಮ್ಮ ಮಲೆನಾಡಿನ ಹಿರಿಯರನ್ನು ಕೇಳಬೇಕು. ೧೯೫೨ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯ ನಮ್ಮನ್ನು ೧೦-೧ರಿಂದ ಸದೆಬಡಿಯಿತು. ನಮ್ಮ ಆ ಒಂದು ಗೋಲು ಅಹಮದ್ ಖಾನರದೇ. ಸೋಲಿಗೆ ಬರಿಗಾಲನ್ನೇ ದೂರಿದವರು ಬಹಳ. ನನ್ನ ಮಟ್ಟಿಗೆ ಹಿಂದಿನ ಇಬ್ಬರೇ ಕಾವಲುಗಾರರ ಏರ್ಪಾಡೂ ಅಷ್ಟೇ ಕಾರಣ. ಲಾಳಿ ಎಷ್ಟು ಚುರುಕಾಗಿದ್ದರೇನು, ಹಿಂದಿನಿಂದ ನೂಲೇ ಬಾರದಿದ್ದರೆ ನೇಯುವುದೇನನ್ನು? ಆಮೇಲೆ ಮೂರನೆಯ ಬ್ಯಾಕ್ ಬಂದ, ಬೂಟೂ ಬಂದಿತು. ೧೯೫೬ರಲ್ಲಿ ರಹೀಂ ಸಾಹೇಬರ ತರಬೇತಿಯ ತಂಡ ಮೆಲ್ಬರ್ನಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಅಹಮದ್ ಖಾನರಿಗೆ ಆ ಬೆಂಬಲ ನಾಲ್ಕು ವರ್ಷ ಮೊದಲೇ ಒದಗಿದ್ದರೆ ಎಂದು ನನಗೆ ಆಗಾಗ ಅನಿಸುವುದುಂಟು. ಕೊಡುಗೈ ಆಟಗಾರರಲ್ಲಿ ಅವರ ಸಮಕ್ಕೆ ನಿಲ್ಲಬಲ್ಲವರನ್ನು ಈ ರಾಜ್ಯದಿಂದ ಹುಡುಕುವುದು ಕಷ್ಟ.

ಇದೆಲ್ಲ ಹಳೆಯ ಕಥೆಯಾಯಿತು, ಈಗೇಕೆ ಎನ್ನಬಹುದು. ಕಳೆದ ವರ್ಷ ಭದ್ರಾವತಿಯಲ್ಲಿ ಶಾಲೆಗಳ ಪಂದ್ಯಗಳನ್ನು ನೋಡಿ ತಂಡವೊಂದನ್ನು ಆರಿಸಿದರು. ನನ್ನ ತರಗತಿಯ ಹುಡುಗನೊಬ್ಬ, ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರ ಮೊಮ್ಮಗ, ಮೂರು ಪಂದ್ಯಗಳಲ್ಲಿಯೂ ನಡುವೆ ನಿಂತು ಚೆಂಡು ಹಂಚಿದ. ಅವನು ಕೊಟ್ಟ ಚೆಂಡನ್ನು ಗೋಲಿಗೆ ಒದ್ದ ಇಬ್ಬರು ತಂಡಕ್ಕೆ ಸೇರಿದರು. ಇವನ ಹೆಸರು ಪಟ್ಟಿಯಲ್ಲಿಲ್ಲ. ಕೇಳಿದ್ದಕ್ಕೆ, “ಮೇಷ್ಟ್ರೇ, ಅವನ ಹೆಸರಿನ ಮುಂದೆ ಒಂದೂ ಗೋಲಿಲ್ಲವಲ್ಲ” ಎಂದರು. ಅವರ ಕೈಲಿದ್ದ ಕಾಗದದಲ್ಲಿ ಗೋಲಿಗೆ ಮಾತ್ರ ಅಂಕಣವಿತ್ತು. ಇಲ್ಲದ ಅಂಕಣದಲ್ಲಿ ಬರೆಯುವುದಾದರೂ ಏನನ್ನು? ಹುಡುಗ ಎರಡು ವಾರ ಮೈದಾನಕ್ಕೆ ಇಳಿಯಲಿಲ್ಲ. ಅವನ ತಾಯಿ ಬಂದು, “ಆಟ ಬಿಟ್ಟುಬಿಡಲಿ ಬಿಡಿ ಸಾರ್, ಓದಲಿ” ಎಂದರು.

ಅದಕ್ಕಾಗಿ ಈ ವರ್ಷ ನಾವೇ ಹಾಳೆಯೊಂದನ್ನು ಮಾಡಿದ್ದೇವೆ. ಆಡದ ಇಬ್ಬರು ಹುಡುಗರು ಗೆರೆಯ ಪಕ್ಕ ಕೂರುತ್ತಾರೆ. ಒಬ್ಬ ನೋಡಿ ಕೂಗುತ್ತಾನೆ, ಒಬ್ಬ ಗೀಟು ಎಳೆಯುತ್ತಾನೆ. ಕೊಟ್ಟದ್ದು, ತಲುಪಿದ್ದು, ಎದುರಾಳಿಗೆ ಹೋದದ್ದು, ಮುಂದಕ್ಕೆ ಕೊಟ್ಟದ್ದು ಎಂದು ನಾಲ್ಕು ಅಂಕಣ. ಹಿಂದಕ್ಕೇ ಕೊಟ್ಟು ಕೊಟ್ಟು ಲೆಕ್ಕ ಬೆಳೆಸುವ ಜಾಣರಿರುತ್ತಾರಾದುದರಿಂದ ಕೊನೆಯದು ಬೇಕೇ ಬೇಕು. ಜೊತೆಗಾರ ಕಾಲುತಪ್ಪಿಸಿದ್ದಕ್ಕೆ ಒಂದು ಚುಕ್ಕೆ. ಅಮೆರಿಕದವರ ಸೂತ್ರಕ್ಕಿಂತ ಇಷ್ಟರಲ್ಲಿ ನಾವು ಮುಂದು. ರೇಡಿಯೋದಲ್ಲಿ ಪಂದ್ಯದ ವಿವರಣೆ ಬರುವಾಗ ಮನೆಯಲ್ಲಿಯೂ ಇದನ್ನು ಮಾಡಬಹುದು. ಗೋಲೆಂಬ ಕೂಗಿಗೆ ಮೊದಲು ವಿವರಣೆಕಾರರು ಹೇಳಿದ ಹೆಸರನ್ನು, ಅದರ ಹಿಂದಿನ ಹೆಸರನ್ನು ಗುರುತು ಹಾಕಿಕೊಂಡರೆ ಸಾಕು. ಒಂದು ಗಂಟೆಯೊಳಗೆ ತಂಡದ ಲಾಳಿ ಯಾರೆಂದು ಕಿವಿಗೇ ತಿಳಿಯುತ್ತದೆ.

ಹುಡುಗ ಮತ್ತೆ ಆಡುತ್ತಿದ್ದಾನೆ. ಮುಂದಿನ ಆಯ್ಕೆ ಮಳೆಗಾಲ ಕಳೆದ ಮೇಲೆ. ಹಾಳೆಗಳಿಗೆ ಗೀಟು ಹಾಕಿ ಬೀರುವಿನಲ್ಲಿ ಇಟ್ಟಿದ್ದೇವೆ.