ನಿಮಗಿದು ಗೊತ್ತೆ? ಬೆಚ್ಚಗಾದರೆ ಮಾಯವಾಗುವ ರಿಪೇರಿ!

ಕೊರೆಯುವ ಚಳಿಯಲ್ಲಿ ಕೈಕೊಟ್ಟ ಸ್ನೋಮೊಬೈಲ್‌ನ ಹಿಂದಿನ ಸಸ್ಪೆನ್ಷನ್, ಬೆಚ್ಚನೆಯ ಶೆಡ್ಡಿಗೆ ತಂದ ಮೇಲೆ ತಾನಾಗಿಯೇ ಸರಿಹೋಗುವುದುಂಟು! ಮೆಕ್ಯಾನಿಕ್ ಬಂದು ನೋಡುವಾಗ ದೋಷವೇ ಇರುವುದಿಲ್ಲ. ನೆಲದ ಮೇಲೆ ಒಂದಿಷ್ಟು ನೀರು ಮಾತ್ರ.

ಈ ಹಿಮಗಾಡಿ ಓಡುವುದು ಸುತ್ತುವ ರಬ್ಬರ್ ಪಟ್ಟಿಯ ಮೇಲೆ. ಹಿಂದಿನ ಸಸ್ಪೆನ್ಷನ್ ಇರುವುದು ಆ ಪಟ್ಟಿಯ ಹೊಟ್ಟೆಯೊಳಗೆ. ಪಟ್ಟಿ ಎರಚುವ ಹಿಮ ಅಲ್ಲೇ ಮೆತ್ತಿಕೊಳ್ಳುತ್ತದೆ. ಗಾಡಿ ನಿಲ್ಲಿಸಿದರೆ ಅದೇ ಗಟ್ಟಿ ಮಂಜುಗಡ್ಡೆ.

ಹ್ಯಾಂಡಲ್ ಬಳಿಯ ಗುಂಡಿ ಒತ್ತಿ ಸಸ್ಪೆನ್ಷನ್ನನ್ನು ಮೆದುವಾಗಿಯೋ ಗಡುಸಾಗಿಯೋ ಮಾಡಿಕೊಳ್ಳುವ ಗಾಡಿಗಳಿವೆ. ಕೆನಡಾದ ಸ್ಕಿ-ಡೂ ಬ್ರ್ಯಾಂಡ್ 2022ರ ಕೆಲವು ಮಾದರಿಗಳಲ್ಲಿ, ದಾರಿಯ ಏರಿಳಿತಕ್ಕೆ ತಕ್ಕಂತೆ ತಾನೇ ಬದಲಾಗುವ ಶಾಕ್ ಅಬ್ಸಾರ್ಬರ್ ಕೊಟ್ಟಿತು.

ಗುಂಡಿ ಒತ್ತಿದರೂ ಏನೂ ಆಗದಿದ್ದರೆ ಬೈಗುಳ ಅದನ್ನು ನಿಯಂತ್ರಿಸುವ ಕಂಪ್ಯೂಟರಿಗೆ. ಪಾಪ, ಕಳ್ಳ ಬೇರೆಡೆ ಇರಬಹುದು. ವೈರ್ ಜೋಡಣೆಯೊಳಗೆ ಸೇರಿದ ತೇವ, ಸಂದಿಯಲ್ಲಿ ಕಟ್ಟಿದ ಗಡ್ಡೆ, ಅಲುಗಾಡಿ ಸವೆದ ವೈರ್, ಸುಟ್ಟ ಫ್ಯೂಸ್, ಚಳಿಗೆ ಸೊರಗಿದ ಬ್ಯಾಟರಿ. ಆದ್ದರಿಂದ ಏನನ್ನೂ ಬಿಚ್ಚುವ ಮೊದಲು ಗಡ್ಡೆ ಕರಗಿಸಿ, ಒಣಗಿಸಿ, ಫ್ಯೂಸ್ ಮತ್ತು ಬ್ಯಾಟರಿ ನೋಡುವುದು ಜಾಣತನ. ಶೆಡ್ಡಿನಲ್ಲಿ ಸರಿಹೋಯಿತೆಂದು ಸುಮ್ಮನೆ ಬಿಟ್ಟರೆ, ಉಳಿದ ತೇವ ಮತ್ತೆ ಹೆಪ್ಪುಗಟ್ಟಿ ಮರುದಿನ ಅದೇ ಕಥೆ.

ಹಾಗೆಂದು ಹಿಮವೇ ಬೇಡ ಎನ್ನುವಂತಿಲ್ಲ. ಪಟ್ಟಿ ಜಾರುವ ಹಳಿಗಳಿಗೆ ತೊಡಿಸಿದ ಪ್ಲಾಸ್ಟಿಕ್‌ಗೆ ಹಿಮವೇ ಗ್ರೀಸ್. ಹಿಮವಿಲ್ಲದ ಡಾಂಬರು ರಸ್ತೆಯಲ್ಲೋ ಬರಿಯ ಮಂಜುಗಡ್ಡೆಯ ಮೇಲೋ ಜೋರಾಗಿ ಓಡಿಸಿದರೆ ಆ ಪ್ಲಾಸ್ಟಿಕ್ ಕಾದು ಕರಗತೊಡಗುತ್ತದೆ.